ಅಕ್ಕ ಎಂಬ ಡಿಫಾಲ್ಟು

ಯೋಗೀಶನ ಮೂರು ವರ್ಷದ ಸಂಕಟಕ್ಕೆಲ್ಲ ಕಾರಣ ಎರಡಕ್ಷರದ ಒಂದು ಪದ. ಉಡುಪಿಯಿಂದ ಮುಂಬಯಿ ಪಕ್ಕದ ಠಾಣೆಗೆ ಬಂದು ಕೆಲಸಕ್ಕೆ ಸೇರಿದ ಮೊದಲ ದಿನ, ಎದುರು ಸೀಟಿನ ಮಾನಸಿಯನ್ನು ಮರ್ಯಾದಸ್ಥ ಹುಡುಗನಂತೆ "ಅಕ್ಕ, ಕುಡಿಯುವ ನೀರು ಎಲ್ಲುಂಟು?" ಎಂದು ಕೇಳಿಬಿಟ್ಟಿದ್ದ. ಅವನಿಗೆ ಗುರುತಿಲ್ಲದ ಹುಡುಗಿಯರೆಲ್ಲ ಅಕ್ಕಂದಿರೇ. ಅವಳು ತನಗಿಂತ ಎಂಟು ತಿಂಗಳು ಚಿಕ್ಕವಳೆಂದು ತಿಳಿಯುವಷ್ಟರಲ್ಲಿ ಇಡೀ ಆಫೀಸಿಗೆ ಅವಳು 'ಯೋಗೀಶನ ಅಕ್ಕ' ಆಗಿಬಿಟ್ಟಿದ್ದಳು. ಅವಳ ಮೇಲೆ ಮನಸ್ಸಾದದ್ದು ಆಮೇಲೆ.

ಇವತ್ತು ಮಾನಸಿಯ ಕೊನೆಯ ದಿನ. ಸೋಮವಾರದಿಂದ ಅವಳಿಗೆ ನವಿ ಮುಂಬಯಿಯಲ್ಲಿ ಹೊಸ ಕೆಲಸ. ಯೋಗೀಶ ಬೆಳಿಗ್ಗೆಯೇ ನಿಶ್ಚಯಿಸಿದ್ದ: ಸಂಜೆ ಅವಳ ಜೊತೆ ಲಿಫ್ಟಿನಲ್ಲಿ ಇಳಿಯಬೇಕು, ಅಕ್ಕ ಎನ್ನದೆ ಬರೀ 'ಮಾನಸಿ' ಎಂದು ಕರೆಯಬೇಕು, ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕು. ಲಿಫ್ಟೇ ಯಾಕೆಂದರೆ, ಅವರ ಕಂಪನಿ ಮಾಡುವುದೇ ಲಿಫ್ಟುಗಳಿಗೆ ಮಾತು ಕಲಿಸುವ ಕೆಲಸ. ಮಾಜಿವಾಡಾದ ಆ ಕಟ್ಟಡದ ಲಿಫ್ಟೇ ಅವರ ಪ್ರಯೋಗಶಾಲೆ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಮಾನಸಿ, ಮರಾಠಿ ರಾಗದ ತನ್ನ ಕನ್ನಡದಲ್ಲಿ ಹಿಂದೊಮ್ಮೆ ಅದಕ್ಕೆ ಧ್ವನಿ ಕೊಟ್ಟಿದ್ದಳು. ಕನ್ನಡ ಬೇಕೋ ಬೇಡವೋ ಎಂಬ ಆಯ್ಕೆ ಪ್ರೋಗ್ರಾಮಿನಲ್ಲಿತ್ತು, ಆದರೆ ಅದು ಅಂದಿನಿಂದ 'ಆಫ್' ಆಗಿಯೇ ಮಲಗಿತ್ತು. ಹೋಗುವ ದಿನವಾದರೂ ಅವಳ ಧ್ವನಿಯನ್ನು ಅವಳಿಗೇ ಕೇಳಿಸಬೇಕೆಂದು ಯೋಗೀಶನ ಆಸೆ.

ಫೈಲು ತೆರೆದು 'ಆಫ್' ಇದ್ದಲ್ಲಿ 'ಆನ್' ಬರೆದು ಬಿಲ್ಡ್ ಮಾಡಿದ, ಎಂದರೆ ಪ್ರೋಗ್ರಾಮನ್ನು ಹೊಸದಾಗಿ ಕಟ್ಟಿ ಲಿಫ್ಟಿಗೆ ಹಾಕಿದ. ಲಿಫ್ಟು ಮರಾಠಿಯಲ್ಲೇ ಮಾತಾಡಿತು. ಮತ್ತೆ ಬರೆದ, ಮತ್ತೆ ಮರಾಠಿ. ಊಟದ ಹೊತ್ತಿಗೆ ಅವನ ಮುಖ ಹಿಂಡಿದ ನಿಂಬೆಹಣ್ಣಿನಂತಾಗಿತ್ತು.

ಪಕ್ಕದ ಸೀಟಿನ ಪುಂಡರೀಕಾಕ್ಷ ಕಲಬುರಗಿಯವನು. ಲಿಫ್ಟು ಹತ್ತಿ ಇಳಿದು ಪರೀಕ್ಷೆ ಮಾಡುವುದಷ್ಟೇ ಅವನ ಕೆಲಸ, ಸಲಹೆ ಮಾತ್ರ ಎಲ್ಲದಕ್ಕೂ ಕೊಡುತ್ತಿದ್ದ. "ಏನ್ ತ್ರಾಸ್ ಮಾಡ್ಕೋತಿ ಮಾರಾಯ? ಕನ್ನಡ ಧ್ವನಿ ಎಲ್ಲದ ಅಂತ ಕೆಳಗಡೆ ನೀನೇ ಬರ್ದು ಬಿಡು" ಎಂದ. ಬರೆಯುವ ಗಡಿಬಿಡಿಯಲ್ಲಿ ಯೋಗೀಶ ಧ್ವನಿಯ ಫೈಲಿನ ಹೆಸರಿನಲ್ಲಿ ಒಂದು ಅಕ್ಷರ ನುಂಗಿದ. ಅಂಥ ಹೆಸರೇ ಇಲ್ಲವಲ್ಲ ಎಂದು ಕಂಪ್ಯೂಟರು ಕೇಳಲಿಲ್ಲ. ಇಲ್ಲದ್ದನ್ನು ಖಾಲಿ ಎಂದುಕೊಂಡು ಲಿಫ್ಟನ್ನೇ ಮೂಕವಾಗಿಸಿತು. ಧ್ವನಿ ನಂಬಿ ಇಳಿದು ರೂಢಿಯಾದ ಜನ ಸಿಕ್ಕಸಿಕ್ಕ ಮಹಡಿಯಲ್ಲಿ ಇಳಿದರು. ಎರಡನೇ ಮಹಡಿಗೆ ಟ್ಯೂಷನ್ ವಿಚಾರಿಸಲು ಬಂದ ಅಜ್ಜನೊಬ್ಬ ನಾಲ್ಕನೇ ಮಹಡಿಯ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದನಂತೆ. ಬಾಸ್ ಮುರಾರಿ ಯೋಗೀಶನನ್ನು ಕರೆದು ಹತ್ತು ನಿಮಿಷ ಉಗಿದರು.

ಕೊನೆಗೆ ಮಾನಸಿಯೇ ಕುರ್ಚಿ ಎಳೆದುಕೊಂಡು ಬಂದು ಕೂತಳು.

"ಅರೇ, ನೀನು ಬದಲಿಸಿದ್ದು ಡಿಫಾಲ್ಟ್ ಮಾತ್ರ, ಬೇರೆ ಏನೂ ಬರ್ದಿರದಿದ್ರೆ ಮಾತ್ರ ಹಿಡಿಯೋದು ಅದು. ಮೊದಲನೇ ಸಲ ಬಿಲ್ಡ್ ಮಾಡಿದಾಗ ಏನಿತ್ತೋ ಅದು ಹಳೇ ಫೋಲ್ಡರ್‌ನಲ್ಲಿ ಬರ್ದು ಕೂತಿರ್ತದೆ. ಆಮೇಲೆ ನೀನು ಏನು ಬರೆದ್ರೂ ಅದು ತಿರುಗಿ ನೋಡೋದಿಲ್ಲ."

ಯೋಗೀಶ ಕೀಬೋರ್ಡಿನಿಂದ ಕೈ ತೆಗೆದ. "ಮೊದಲ ದಿನ ತಪ್ಪಿ ಹೇಳಿದ್ದಾದ್ರೆ?"

"ಅಳಿಸದೇ ಬದಲಿಸೋ ಸುಲಭದ ದಾರಿನೂ ಇದೆ, ಆದ್ರೆ ಅದು ನಿನ್ನ ಕೈಗೆ ಬೇಡ. ನೀನು ಆ ಫೋಲ್ಡರ್ ಅಳಿಸಿ ಹೊಸದಾಗಿ ಶುರು ಮಾಡು" ಎಂದು ಅವಳು ಎದ್ದು ಹೋದಳು.

ಅವನು ತಪ್ಪಾಗಿ ಬರೆದ ಸಾಲನ್ನೂ ಹಳೇ ಫೋಲ್ಡರನ್ನೂ ಅಳಿಸಿ ಮತ್ತೆ ಬಿಲ್ಡ್ ಮಾಡಿದ. ಐದೂವರೆಗೆ ಇಬ್ಬರೂ ಲಿಫ್ಟು ಹತ್ತಿದರು. "ಐದನೇ ಮಹಡಿ. ಬಾಗಿಲು ಮುಚ್ಚುತ್ತಿದೆ" ಎಂದಿತು ಲಿಫ್ಟು, ಅವಳದೇ ದನಿಯಲ್ಲಿ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆ ನಗುವಿಗಾಗಿ ಅವನು ಇನ್ನೂ ಹತ್ತು ಸಲ ಉಗಿಸಿಕೊಳ್ಳಲು ಸಿದ್ಧನಿದ್ದ.

"ಮಾನಸಿ" ಎಂದ.

ಅವಳ ನಗು ನಿಂತಿತು. ಕೆಳಗಿಳಿಯುವ ಅಂಕಿಗಳನ್ನು ನೋಡುತ್ತ, "ಇದನ್ನ ಕೇಳ್ಬೇಕು ಅಂತ ಎರಡು ವರ್ಷ ಕಾದೆ" ಎಂದಳು. ಆಮೇಲೆ ಬ್ಯಾಗಿನಿಂದ ಅರಿಸಿನ ಹಚ್ಚಿದ ಲಕೋಟೆ ತೆಗೆದು ಅವನ ಕೈಗಿಟ್ಟಳು. "ಮದುವೆ ಮುಂದಿನ ತಿಂಗಳು, ಕಲ್ಯಾಣ್‌ನಲ್ಲಿ. ಹೋಮದ ಹೊತ್ತಿಗೆ ಹುಡುಗಿಯ ಬೊಗಸೆಗೆ ಅರಳು ಹಾಕ್ಲಿಕ್ಕೆ ತಮ್ಮ ಬೇಕಂತೆ, ನನಗೆ ಯಾರೂ ಇಲ್ಲ. ಅಮ್ಮ, ಯೋಗೀಶ ಇದ್ದಾನಲ್ಲ ಅಂದ್ರು. ಕಾರ್ಡ್‌ನಲ್ಲಿ ನಿನ್ನ ಹೆಸರೂ ಹಾಕ್ಸಿ ಆಯ್ತು."

ಕಾರ್ಡಿನ ಕೆಳಗಡೆ ಅಚ್ಚಾಗಿತ್ತು: ವಧುವಿನ ಸಹೋದರ, ಚಿ. ಯೋಗೀಶ್. ಅದನ್ನು ಅಳಿಸುವ ಫೋಲ್ಡರು ಯಾವುದೂ ಇರಲಿಲ್ಲ.

ಅವಳು ಇಳಿದು ರಿಕ್ಷಾದತ್ತ ನಡೆದಳು. ಅವನು ಒಳಗೇ ಉಳಿದ. ಬಾಗಿಲು ಮುಚ್ಚುತ್ತಿದೆ ಎಂದು ಲಿಫ್ಟು ಹೇಳಿತು, ಮುಚ್ಚಿತು.

ಮೇಲೆ ಮುರಾರಿ ಕಾಯುತ್ತಿದ್ದರು. ಲಿಫ್ಟು ಏನು ಮಾತಾಡುತ್ತಿದೆಯೆಂದು ಕೆಳಗಿನ ನಾಲ್ಕೂ ಮಹಡಿಯವರು ಫೋನ್ ಮಾಡಿದ್ದರಂತೆ, ಕನ್ನಡವನ್ನು ಈಗಲೇ ಆಫ್ ಮಾಡಬೇಕಂತೆ. ಯೋಗೀಶ ಫೈಲು ತೆರೆದು 'ಆನ್' ಇದ್ದಲ್ಲಿ 'ಆಫ್' ಎಂದು ಬರೆದ, ಬಿಲ್ಡ್ ಮಾಡಿದ.

"ಮಾಡಿದೆ ಸರ್" ಎಂದ.

ಲಿಫ್ಟಿನಲ್ಲಿ ಮಾನಸಿ ಮಾತಾಡುತ್ತಲೇ ಇದ್ದಳು. ಫೋಲ್ಡರ್ ಅಳಿಸಬೇಕೆಂದು ಈಗ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಂಪ್ಯೂಟರು ಮುಚ್ಚಿ, ಬ್ಯಾಗು ಹೆಗಲಿಗೇರಿಸಿ, ಲಿಫ್ಟಿನ ಗುಂಡಿ ಒತ್ತಿದ.