ತಾತನಿಗೆ ಕೊಟ್ಟ ಧ್ವನಿ

ಇಲಿ ಕಡಿದದ್ದು ಗೇಣುದ್ದದ ಟೇಪನ್ನಷ್ಟೆ. ಆದರೆ ಅದರಲ್ಲಿದ್ದದ್ದು ಹರ್ಬನ್ಸ್ ಲಾಂಬಾ ಅವರ ಕೊನೆಯ ಚಿತ್ರದ ಕೊನೆಯ ಮಾತು. ಅವರು ತೀರಿಕೊಂಡು ಮೂರು ತಿಂಗಳಾಗಿತ್ತು. ಚಿತ್ರದ ಬಿಡುಗಡೆಗೆ ಎಂಟೇ ದಿನ.

"ನಿಹಾಲ್ ಮಾತಾಡ್ಲಿ ಬಿಡಿ," ಎಂದರು ನಿಹಾಲನ ಸೋದರತ್ತೆ ನಿರ್ಮಲ್ ಬುವಾ, ಅಂಧೇರಿಯ ತಮ್ಮ ಸ್ಟುಡಿಯೊದ ಮೆಟ್ಟಿಲ ಮೇಲೆ ಕೂತು ಪಾನ್ ಮಡಿಸುತ್ತ. "ಮೊಮ್ಮಗ ಅಲ್ವಾ? ಗಂಟಲು ಅದೇ ಇರತ್ತೆ."

ನಿಹಾಲನ ತಾತ ನಾಯಕನಟ, ತಂದೆ ಸತಿಂದರ್ ನಿರ್ದೇಶಕ, ಬುವಾ ಮೂವತ್ತು ಚಿತ್ರಗಳ ನಾಯಕಿ. ಆ ಮನೆಯ ನಾಯಿ ಕೂಡ ಎರಡು ಚಿತ್ರಗಳಲ್ಲಿ ನಟಿಸಿತ್ತು. ನಿಹಾಲ್ ನಟಿಸಿದ್ದು ಒಂದರಲ್ಲಿ. ಅದರಲ್ಲೂ ಜನ ಚಪ್ಪಾಳೆ ತಟ್ಟಿದ್ದು ಅವನು ಸಾಯುವ ದೃಶ್ಯಕ್ಕೆ ಮಾತ್ರ. ಅಂದಿನಿಂದ ಅಪ್ಪ ಊಟದ ಮೇಜಿನಲ್ಲಿ ಅವನ ಮುಖ ನೋಡುವುದನ್ನೇ ಬಿಟ್ಟಿದ್ದರು. ಇವತ್ತೊಂದು ದಿನ ಗೆದ್ದರೆ ಸಾಕಿತ್ತು.

ಹೊರಗೆ ಸುಡುವ ಮಧ್ಯಾಹ್ನ, ಡಬ್ಬಿಂಗ್ ಕೋಣೆಯೊಳಗೆ ಹಾಳುಬಾವಿಯ ಕತ್ತಲೆ. ತೆರೆಯ ಮೇಲೆ ತಾತ ಮಂಚದಲ್ಲಿ ಮಲಗಿ ಸದ್ದಿಲ್ಲದೆ ತುಟಿ ಆಡಿಸುತ್ತಿದ್ದರು, ಸಾಯುತ್ತಿದ್ದರು. ಅದೇ ತುಣುಕು ಮತ್ತೆ ಸುತ್ತಿದಾಗ ಕಣ್ಣು ತೆರೆದು ಮತ್ತೆ ಸಾಯುತ್ತಿದ್ದರು. ಪ್ರತಿ ಸಲವೂ ತನ್ನನ್ನು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನೋಡುತ್ತಿದ್ದಾರೆ ಎಂದು ನಿಹಾಲನಿಗೆ ಅನ್ನಿಸಿತು.

"ಈ ಮನೆ ದೀಪ ಆರಿಸಬೇಡ್ರಪ್ಪಾ..." ಎಂದ.

"ಡಿಕ್ರಾ, ಮಗಾ," ಗಾಜಿನಾಚೆಯಿಂದ ಧ್ವನಿಮುದ್ರಕ ಪಿರೋಜ್‌ಶಾ ಗೊಣಗಿದರು, "ಅವರು ಎದೆನೋವಿಂದ ಸಾಯ್ತಿದಾರೆ. ನೆಗಡಿಯಿಂದಲ್ಲ."

"ಹೊಟ್ಟೆಯಿಂದ ಮಾತಾಡೋ!" ಎಂದು ಬುವಾ ಬಾಗಿಲಲ್ಲಿ ಇಣುಕಿದರು.

ಹನ್ನೊಂದು ಸಲ ಕೆಟ್ಟಿತು. ಹನ್ನೆರಡನೆಯ ಸಲ ಗಂಟಲು ಪೂರ್ತಿ ಒಣಗಿ, ನಿಹಾಲ್ ಬಾಯಿ ಮುಚ್ಚಿ ಸುಮ್ಮನೆ ನಿಂತ. ತೆರೆಯ ಮೇಲೆ ತುಟಿ ಅಲುಗಿತು. ಅವನ ಎಡಗಿವಿಯ ಪಕ್ಕದಲ್ಲೇ ಯಾರೋ ಉಸಿರೆಳೆದುಕೊಂಡರು.

"ಈ ಮನೆ ದೀಪ ಆರಿಸಬೇಡ್ರಪ್ಪಾ."

ಪಿರೋಜ್‌ಶಾ ಕಣ್ಣೊರೆಸಿಕೊಳ್ಳುತ್ತ ಓಡಿ ಬಂದರು. "ಹರ್ಬನ್ಸ್ ಸಾಬೇ ಬಂದು ನಿಂತಂಗಾಯ್ತಲ್ಲೋ!"

"ಅಂಕಲ್, ನಾನು ಬಾಯೇ ಬಿಡಲಿಲ್ಲ..."

"ಆಹಾ, ಏನು ವಿನಯ!" ಬುವಾ ಅವನ ದೃಷ್ಟಿ ತೆಗೆದು ನೆಟಿಕೆ ಮುರಿದರು.

ಸತಿಂದರ್ ಬಂದು ಟೇಪನ್ನು ಎರಡು ಸಲ ಕೇಳಿದರು. ಆಮೇಲೆ ಮಗನ ಭುಜದ ಮೇಲೆ ಕೈ ಇಟ್ಟರು. 'ಅದು ನಾನಲ್ಲ ಪಪ್ಪಾ' ಎಂಬ ಮಾತು ನಿಹಾಲನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಕೈ ಬೆಚ್ಚಗಿತ್ತು. ಮಾತನ್ನು ನುಂಗಿಕೊಂಡ.

"ಮುಂದಿನ ಚಿತ್ರಕ್ಕೆ ನೀನೇ ಹೀರೋ. ಏನಂತೀಯ?"

ನಿಹಾಲ್ ಸಂತೋಷದಿಂದ ಮೈಕಿನ ಮುಂದೆಯೇ ಬಾಯಿ ತೆರೆದ. ಅಷ್ಟರಲ್ಲಿ ಗೋಡೆಯ ಸ್ಪೀಕರ್ ಕರಕರ ಎಂದಿತು.

"ಬೇಡ ಸತಿಂದರ್. ಇವನಿಗೆ ನಟನೆ ಬರಲ್ಲ. ಮನೆ ಮರ್ಯಾದೆ ಕಳೀತಾನೆ."

ಮೂವರೂ ನಿಹಾಲನ ಕಡೆ ತಿರುಗಿದರು. ಸತಿಂದರ್‌ಗೆ ಕಣ್ಣು ತುಂಬಿ ಬಂತು.

"ತನ್ನ ಯೋಗ್ಯತೆ ತನಗೇ ಗೊತ್ತಿರೋ ಲಾಂಬಾ ನಮ್ಮ ವಂಶದಲ್ಲಿ ಇವನೊಬ್ಬನೇ! ಅಪ್ಪಾಜಿ ದನೀಲೇ ಹೇಳ್ಬಿಟ್ಟ ನೋಡಿ. ಆಯ್ತು ಮಗಾ, ನಿನ್ನಿಷ್ಟದಂಗೇ ಆಗ್ಲಿ. ನಟನೆ ಮಾತು ಇನ್ನು ಈ ಜನ್ಮದಲ್ಲಿ ಎತ್ತಲ್ಲ."

"ಅಯ್ಯೋ ಪಪ್ಪಾ, ಅದು ಹೇಳಿದ್ದು ನಾನಲ್ಲ!" ನಿಹಾಲ್ ಕಿರುಚಿದ.

"ಅಬ್ಬಬ್ಬಾ," ಬುವಾ ಚಪ್ಪಾಳೆ ತಟ್ಟಿದರು, "ಎಷ್ಟು ಬೇಗ ದನಿ ಬದಲಾಯಿಸ್ತಾನೆ!"