ಮಣ್ಣೆತ್ತಿಗೊಂದು ಪದವಿ

ಪ್ರತಿ ಮನೆಯಲ್ಲೂ ‘ಆಗೂದಿಲ್ಲ’ ಎನ್ನುವ ಖಾತೆ ಒಬ್ಬರ ವಶದಲ್ಲಿರುತ್ತದೆ. ಅಂಕಲಿಯ ನಮ್ಮ ಮನೆಯಲ್ಲಿ ಅದು ಶಿವಪ್ಪ ಕಾಕಾನದು. ಕಾಕಾ ಅಪ್ಪನ ತಮ್ಮ, ಊರ ಹಾಲಿನ ಡೇರಿಯ ಸೆಕ್ರೆಟರಿ. ನಮ್ಮ ಬೋರ್‌ವೆಲ್‌ಗೆ ನೀರು ಬೀಳೂದಿಲ್ಲ ಎಂದವನು ಅವನೇ. ಬಿದ್ದ ಮೇಲೆ, ಇದು ಬಹಳ ದಿನ ನಿಲ್ಲೂದಿಲ್ಲ ಎಂದವನೂ ಅವನೇ. ಅಪ್ಪ ಮನುಷ್ಯರಿಗಿಂತ ಎಮ್ಮೆಗಳ ಜೊತೆ ಹೆಚ್ಚು ಮಾತಾಡುವವನಾದ್ದರಿಂದ ಮನೆಯ ತೀರ್ಮಾನವೆಲ್ಲ ಕಾಕಾನದೇ. ಹಾಗಾಗಿ ಪಿಯುಸಿ ಮುಗಿಸಿದ ನಾನು, ಮೈಸೂರಿಗೆ ಹೋಗಿ ಶಿಲ್ಪಕಲೆ ಓದುತ್ತೇನೆ ಎಂದು ಹೇಳಬೇಕಾದದ್ದೂ ಅವನ ಮುಂದೆಯೇ.

ಕಾಕಾ ಚಹಾದ ಬಸಿ ಕೆಳಗಿಟ್ಟ. “ಶಿಲ್ಪಕಲಾ ಅಂದ್ರ?”

“ಮಣ್ಣಿನಾಗ, ಕಲ್ಲಿನಾಗ ಮೂರ್ತಿ ಮಾಡೂದು, ಕಾಕಾ.”

“ಮಣ್ಣೆತ್ತ ಮಾಡಾಕ ಕಾಲೇಜ ಬೇಕೇನ ಬೇ? ನಿನ್ನ ಕೈಲೆ ಆಗೂದಿಲ್ಲ ಅದು!”

ತಪ್ಪು ನಿಜವಾಗಿ ನಮ್ಮ ಓಣಿಯವರದು. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲೂ ಮಣ್ಣಿನಲ್ಲಿ ಜೋಡೆತ್ತು ಮಾಡಿ ಪೂಜಿಸುತ್ತಾರೆ. ನಾನು ಕನ್ನಡ ಶಾಲೆಗೆ ಹೋಗುವ ಕಾಲದಿಂದಲೂ ಓಣಿಯ ಎತ್ತುಗಳೆಲ್ಲ ನನ್ನ ಕೈಯಿಂದಲೇ ಹುಟ್ಟಿದವು. ಎತ್ತು ಒಯ್ದವರು ಬದಲಿಗೆ ಎರಡು ಕಡಬು ಕೊಟ್ಟು, “ಏನ ಕೈ ಐತಿ ಯವ್ವಾ ನಿಂದು!” ಅನ್ನುತ್ತಿದ್ದರು. ಕಡಬು ಕರಗಿತು, ಹೊಗಳಿಕೆ ಕರಗಲಿಲ್ಲ.

ಬಿಟ್ಟುಹೋಗುತ್ತಿದ್ದದ್ದೇನು ಸಣ್ಣ ಸುಖವಲ್ಲ. ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಯಂತ್ರದ ಮುಂದೆ, ಫ್ಯಾನಿನ ಕೆಳಗೆ, ಕಾಕಾ ನನಗಾಗಿ ಒಂದು ಕುರ್ಚಿ ಹಿಡಿದಿಟ್ಟಿದ್ದ. ಮುಂಜಾನೆ ಒಂದಿಷ್ಟು, ಸಂಜೆ ಒಂದಿಷ್ಟು ಕೆಲಸ. ನಡುವೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಕೆನೆ ಮೊಸರು, ನಿದ್ದೆ. ನಮ್ಮ ಮನೆಯಲ್ಲಿ ಹತ್ತನೇ ಇಯತ್ತೆ ದಾಟಿದವರು ನನಗಿಂತ ಮೊದಲು ಯಾರೂ ಇರಲಿಲ್ಲ. ಹಸಿದು ಮಲಗಿದವರೂ ಇರಲಿಲ್ಲ. ಇದನ್ನು ಬಿಟ್ಟು ಹೋಗುವವಳ ತಲೆ ನೆಟ್ಟಗಿಲ್ಲ ಎಂದು ಕಾಕಾ ಅಂದರೆ ಅದು ಬೈಗುಳವಲ್ಲ, ವರದಿ.

ಅವ್ವ ನಡುವೆ ಬಂದಳು. “ಹೋಗ್ಲಿ ಬಿಡ್ರಿ. ಆಗಲಿಲ್ಲಂದ್ರ ಮನಿ ಎಲ್ಲೂ ಓಡಿ ಹೋಗೂದಿಲ್ಲ.”

“ಒಂದ ವರ್ಷ ನಪಾಸಾದ್ರೂ ಬಂದು ಕುರ್ಚಿ ಮ್ಯಾಲ ಕೂಡಬೇಕ,” ಎಂದ ಕಾಕಾ. “ಪೂರಾ ಪಾಸಾದ್ರ ಮುಂದಿಂದು ಮಾತಾಡೂಣು.”

ಮೈಸೂರಿನ ಕಾಲೇಜಿನಲ್ಲಿ ಮೊದಲ ಕೆಲಸವೇ ಮಣ್ಣಿನಲ್ಲಿ ಒಂದು ಪ್ರಾಣಿ. ನನಗೆ ನಗು ಬಂತು. ಉಳಿದವರು ಕಾಗದದ ಮೇಲೆ ಗೆರೆ ಎಳೆಯುತ್ತಿರುವಾಗಲೇ ನನ್ನ ಎತ್ತು ಎದ್ದು ನಿಂತಿತ್ತು. ನಮ್ಮ ಪದ್ಧತಿಯಂತೆ ಕಣ್ಣಿಗೆ ಎರಡು ಜೋಳದ ಕಾಳು ಒತ್ತಿದೆ, ಕೊರಳಿಗೆ ಕಾಳಿನದೇ ಸರ ಇಟ್ಟೆ. ಮಣ್ಣು ಬಿರಿಯದಂತೆ ಒದ್ದೆ ಬಟ್ಟೆ ಹೊದಿಸಿಡಿ, ಸೋಮವಾರ ನೋಡುತ್ತೇನೆ ಎಂದರು ಮೇಡಂ. ಹೊದಿಸಿದೆ. ಊರಲ್ಲಿ ಮಣ್ಣೆತ್ತು ಮಾಡಿದ ದಿನವೇ ಒಣಗಿಸಿ ದೇವರ ಜಗಲಿ ಏರಿಸುತ್ತೇವೆ. ಅದಕ್ಕೆ ಒದ್ದೆ ಬಟ್ಟೆ ಹೊದಿಸಿ ಸಾಕಿದವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ.

ಸೋಮವಾರ ಮೇಡಂ ಎಲ್ಲರ ಮುಂದೆ ಬಟ್ಟೆ ಎತ್ತಿದರು. ನನ್ನ ಎತ್ತಿನ ಎರಡೂ ಕಣ್ಣುಗಳಿಂದ ಮೊಳಕೆ ಹೊರಬಂದಿತ್ತು. ಕೊರಳಲ್ಲಿ ಬೆಳೆಯೇ ನಿಂತಿತ್ತು. ಮಂಡ್ಯದ ಒಬ್ಬ, “ಗೊಬ್ಬರ ಹಾಕಿದ್ರೆ ತೆನೆ ಬತ್ತದೆ ಮೇಡಂ,” ಎಂದ. ತರಗತಿಯೇ ಬಿದ್ದು ನಕ್ಕಿತು.

ಫೋನಿನಲ್ಲಿ ಅವ್ವನ ಮುಂದೆ ಅತ್ತುಬಿಟ್ಟೆ. ಅವ್ವ ಸ್ಪೀಕರ್ ಹಾಕಿದ್ದಳೆಂದು ಗೊತ್ತಾದದ್ದು ಕಾಕಾನ ದನಿ ಕೇಳಿದಾಗ. “ಈ ವರ್ಷ ನಮ್ಮ ಹೊಲದಾಗೂ ಜ್ವಾಳ ಇಷ್ಟ ಚಂದ ನಾಟಿಲ್ಲ. ಇನ್ನ ಸಾಕ, ನಾಳೆ ಗಾಡಿ ಹತ್ತ.”

ಹತ್ತುವವಳೇ ಇದ್ದೆ. ಆದರೆ ಅಂಕ ಹಾಕುವ ಮೊದಲು ಮೇಡಂ ಒಂದು ಮಾತು ಹೇಳಿದರು: “ಕಣ್ಣಿಗೆ ಕಾಳಿಲ್ಲದೆಯೂ ಎತ್ತು ನಮ್ಮನ್ನು ನೋಡಬೇಕು. ಅದನ್ನು ಮಾಡಿ ತೋರಿಸು.” ಕಣ್ಣಿನ ಜಾಗದಲ್ಲಿ ನೆರಳು ನಿಲ್ಲುವ ಹಾಗೆ ಗುಳಿ ತೋಡಿದರೆ ಅದೇ ನೋಟವಾಗುತ್ತದೆ ಎಂದು ಹೇಳಲು ಒಂದು ವಾಕ್ಯ ಸಾಕು. ಕೈಗೆ ಅದು ತಿಳಿಯುವ ಹೊತ್ತಿಗೆ ನಾನು ಕಟ್ಟಿ ಕೆಡವಿದ ಎತ್ತುಗಳಿಂದ ಒಂದು ದನದ ಸಂತೆ ಕೂಡಿಸಬಹುದಿತ್ತು. ಪಾಸಾದೆ. ಪ್ರತಿ ವರ್ಷವೂ ಪಾಸಾದೆ. ಪ್ರತಿ ಸಲ ಕಾಕಾ, “ಮುಂದಿನ ವರ್ಷದ್ದು ಭಾಳ ಕಠಿಣ ಐತಂತ,” ಎಂದು ಶುಭ ಹಾರೈಸಿದ.

ಪದವಿ ಕೊಡುವ ದಿನ ಅವನೂ ಅವ್ವನೂ ರಾಯಬಾಗದಲ್ಲಿ ರೈಲು ಹತ್ತಿ, ರೊಟ್ಟಿ ಗಂಟಿನೊಂದಿಗೆ ಬಂದಿಳಿದರು. ಕಾಲೇಜಿನ ಅಂಗಳದಲ್ಲಿ ನನ್ನ ಸಿಮೆಂಟಿನ ಎತ್ತು, ಆಳೆತ್ತರದ್ದು, ನಿಂತಿತ್ತು. ಕಾಕಾ ಅದನ್ನು ಒಂದು ಸುತ್ತು ಹಾಕಿದ, ಬೆನ್ನು ಚಪ್ಪರಿಸಿದ, ಮುಖದೆದುರು ಬಂದು ನಿಂತ. ಎಡಕ್ಕೆ ಸರಿದ, ಬಲಕ್ಕೆ ಸರಿದ.

“ಇದ್ಯಾಕ ನನ್ನ ಹಿಂಗ ನೋಡಾಕತ್ತೈತಿ?”

ಅಷ್ಟೂ ವರ್ಷಗಳಲ್ಲಿ ನನ್ನ ಕೆಲಸಕ್ಕೆ ಸಿಕ್ಕ ಅಂಕಗಳಲ್ಲಿ ಅದೇ ದೊಡ್ಡದು.

ಮೈಸೂರಿನಲ್ಲೇ ಒಂದು ಶಿಲ್ಪಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಕಾಕಾನನ್ನು ಒಪ್ಪಿಸಲು ಉದ್ದನೆಯ ಭಾಷಣವನ್ನೇ ಬಾಯಿಪಾಠ ಮಾಡಿಟ್ಟಿದ್ದೆ. ವೇದಿಕೆಯಿಂದ ಇಳಿದು ಪ್ರಮಾಣಪತ್ರವನ್ನು ಅವನ ಕೈಗಿಟ್ಟಾಗ ಬಾಯಿಂದ ಹೊರಟದ್ದು ಇಷ್ಟೇ: “ಕಾಕಾ, ಇಲ್ಲೇ ಇರಲೇನು?”

ಅವನು ಎರಡೂ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು, ಕಾಗದವನ್ನು ಅಂಚಿನಲ್ಲಷ್ಟೇ ಹಿಡಿದು, ನನ್ನ ಹೆಸರಿನ ಅಕ್ಷರ ಒಂದೊಂದನ್ನೂ ಓದಿದ. ಪಕ್ಕದಲ್ಲಿದ್ದ ಅಪರಿಚಿತರಿಗೆ, “ನಮ್ಮ ಹುಡುಗೀದ್ರಿ,” ಎಂದು ತೋರಿಸಿದ. ಆಮೇಲೆ ನನ್ನತ್ತ ತಿರುಗಿದ.

“ಇರು. ಆದ್ರ ಅಮಾಸಿಗಿ ಊರಿಗೆ ಬಂದ ಹೋಗ, ಓಣಿ ಮಂದಿ ಎತ್ತಿಗೆ ಕಾಯ್ತಾರ. ಮತ್ತ ಕೇಳಿಲ್ಲಿ ಬೇ, ಇನ್ನ ಎರಡ ಕಡಬಿಗೆ ಒಪ್ಪಬ್ಯಾಡ. ಡಿಗ್ರಿ ಆಗೇತಿ, ನಾಕ ಕೇಳ.”