ವೀರಗಲ್ಲಿಗೊಂದು ಗಾದಿ

ಕಲ್ಲಿಗೆ ಗಾದಿ ಹೊಲಿದುಕೊಟ್ಟ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ಅಂಥವರ ಜೊತೆ ಸಂಸಾರವನ್ನೇ ಮಾಡಿದ್ದೇನೆ. ಮೊನ್ನೆ ಮೊಮ್ಮಗ ಮಿಲಿಟರಿಯಿಂದ ರಜೆ ಮೇಲೆ ಬಂದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಇದೇ ಖುಷಿಯಲ್ಲಿ ಅವನ ಅಜ್ಜನ ಕಥೆಯನ್ನೂ ಹೇಳಿಬಿಡುತ್ತೇನೆ.

ನಮ್ಮ ಯಜಮಾನರದು ಹರಪನಹಳ್ಳಿಯಲ್ಲಿ ಗಾದಿ ಹೊಲಿಯುವ ಅಂಗಡಿ. ಯಾರ ಮನೆಗೆ ಹೋದರೂ ಮೊದಲು ವಿಚಾರಿಸುವುದು ಮನುಷ್ಯರನ್ನಲ್ಲ, ಗಾದಿಯನ್ನು. ಮಗಳಿಗೆ ಗಂಡು ನೋಡಲು ಕೊಟ್ಟೂರಿಗೆ ಹೋಗಿ ಬಂದರು. "ಹುಡುಗ ಹೆಂಗದಾನ್ರಿ?" ಎಂದೆ. "ಹತ್ತಿ ಗಂಟು ಕಟ್ಟೈತಿ. ಬಿಚ್ಚಿ ಹಿಂಜಿದ್ರ ಇನ್ನೂ ಬಾಳಿಕಿ ಬರ್ತೈತಿ" ಎಂದರು. ಹುಡುಗನ ಮುಖವನ್ನು ಅವರು ಮೊದಲು ನೋಡಿದ್ದು ಮದುವೆಯ ದಿನವೇ ಇರಬೇಕು.

ಇಂಥವರಿರುವ ಮನೆಗೆ ಯುದ್ಧದ ಸುದ್ದಿ ಬಂತು. ಮೊಮ್ಮಗ ಗಡಿಯಲ್ಲಿದ್ದ, ಅವನ ಫೋನು ಹತ್ತುತ್ತಿರಲಿಲ್ಲ. ಟಿವಿ ಆರಿಸಲೂ ಮನಸ್ಸಿಲ್ಲ, ನೋಡಲೂ ಧೈರ್ಯವಿಲ್ಲ. ಅದರಲ್ಲೇ ಒಮ್ಮೆ ಇನ್ಯಾವುದೋ ದೂರದ ದೇಶದ ಯುದ್ಧ ತೋರಿಸಿದರು. ಬಾಂಬು ಬಿದ್ದರೆ ಒಡೆಯಬಾರದೆಂದು ಅಲ್ಲಿಯ ಜನ ಹಳೆಯ ಕಲ್ಲಿನ ಮೂರ್ತಿಗಳಿಗೆ ಮೆತ್ತನೆಯದೇನನ್ನೋ ಸುತ್ತಿ ಹಗ್ಗ ಬಿಗಿಯುತ್ತಿದ್ದರು. ಇವರು ಚಹಾದ ಲೋಟ ಕೆಳಗಿಟ್ಟರು.

"ಥೂ, ಇದೇನು ಕೆಲಸ? ಒಂದು ಹೊಲಿಗಿ ಇಲ್ಲ, ಅಂಚಿಲ್ಲ. ಹುಲ್ಲಿನ ಹೊರಿ ಕಟ್ಟಿದಂಗ ಕಟ್ಯಾರ."

ಮರುದಿನ ಬೆಳಿಗ್ಗೆ ಟೇಪು ಹಿಡಿದು ಓಣಿಯ ಕೊನೆಗೆ ಹೋದರು. ಅಲ್ಲಿ ಬೇವಿನ ಮರದಡಿ ಒಂದು ವೀರಗಲ್ಲಿದೆ. ಯಾವುದೋ ಕಾಲದ ಕಾಳಗದಲ್ಲಿ ಸತ್ತ ಸಿಪಾಯಿ, ಕತ್ತಿ ಎತ್ತಿ ನಿಂತಿದ್ದಾನೆ. ಕಾಳಗ ಮುಗಿದ ಮೇಲೆ ಅವನಿಗೆ ಸಿಕ್ಕ ಕೆಲಸವೆಂದರೆ ಓಣಿಯ ಆಡುಗಳನ್ನು ಕಟ್ಟಿಸಿಕೊಳ್ಳುವುದು. ಇವರು ಅವನ ಎದೆ, ಭುಜ ಅಳೆಯುತ್ತಿದ್ದಾಗ ಎದುರು ಮನೆಯ ಮೆಕ್ಕೆಜೋಳದ ಸಾವ್ಕಾರರು ಕಟ್ಟೆ ಇಳಿದು ಬಂದರು.

"ಏನ್ ಸಾಹೇಬ್ರ, ವೀರಪ್ಪಗ ಅಂಗಿ ಹೊಲಿಯಾಕ ಹತ್ತೀರೇನು?"

"ಅಂಗಿ ಅಲ್ರೀ ಸಾವ್ಕಾರ್ರ, ಗಾದಿ."

"ನಿಂತಂವಗ ಗಾದಿ ಯಾಕ್ರಿ?"

"ಬಿದ್ದ ಮ್ಯಾಲೆ ಹೊಲಿದ್ರ ಏನ್ ಬಂತ್ರಿ?"

ಸಾವ್ಕಾರರು ಹೆಗಲ ಮೇಲಿನ ಟವೆಲ್ ಜಾರುವಷ್ಟು ನಕ್ಕರು. ನಕ್ಕವರೇ ಕಲ್ಲಿನ ಸುತ್ತ ಒಟ್ಟಲು ಮೆಕ್ಕೆಜೋಳದ ಚೀಲಗಳನ್ನೂ ಕಳಿಸಿದರು. ಆ ಕೋಟೆ ಸಂಜೆಯವರೆಗೂ ಉಳಿಯಲಿಲ್ಲ. ಆಡುಗಳು ಚೀಲ ಕಚ್ಚಿ ಹರಿದು ಹೊಟ್ಟೆ ತುಂಬಿಸಿಕೊಂಡವು. ವೈರಿಗಿಂತ ಮೊದಲು ಒಳಗಿನವರೇ ಹೀಗೆ ಮಾಡಿದರೆ ಯಾವ ಕೋಟೆ ನಿಂತೀತು ಹೇಳಿ.

ಇನ್ನು ಗಾದಿಯ ಬಟ್ಟೆ ಎಲ್ಲಿಯದು ಅಂತೀರಾ? ಮೊಮ್ಮಗನ ಮದುವೆಗೆಂದು ನಾನು ಟ್ರಂಕಿನಲ್ಲಿ ಕಾಪಾಡಿಟ್ಟಿದ್ದ ಪಟ್ಟೆ ಬಟ್ಟೆ! ನನಗೆ ಸಿಟ್ಟು ನೆತ್ತಿಗೇರಿತು.

"ಆ ಬಾಂಬಿಗೆ ಹರಪನಹಳ್ಳಿ ದಾರಿ ಗೊತ್ತೈತೇನ್ರಿ?"

"ದಾರಿ ಗೊತ್ತಿಲ್ಲದ್ದಕ್ಕ ಹೆದರಬೇಕು. ದಾರಿ ತಪ್ಪಿ ಇಲ್ಲಿಗೇ ಬಂದ್ರ?"

ಗಾದಿಯನ್ನು ಕಲ್ಲಿಗೆ ತೊಡಿಸಿದ ದಿನ ನಾನೂ ನೋಡಲು ಹೋದೆ. ಹೊಲಿಗೆಗೆ ಹೆಸರಿಡುವಂತಿರಲಿಲ್ಲ. ಎತ್ತಿದ ಕತ್ತಿಗೂ ಒಂದು ತೋಳು ಹೊಲಿದಿದ್ದರು. ಮುಖ ಮಾತ್ರ ಬಯಲಿಗಿತ್ತು.

"ಮುಖಾನ ಬಿಟ್ಟೀರಲ್ರಿ. ಒಡಿಯೋದಾದ್ರ ಮೊದಲು ಮೂಗ ಒಡೀತೈತಿ" ಎಂದು ಛೇಡಿಸಿದೆ.

ಇವರು ಸೂಜಿಗೆ ದಾರ ಪೋಣಿಸುತ್ತಿದ್ದವರು ಹಾಗೇ ನಿಂತರು.

"ಮುಚ್ಚಾಕ ಹೋದೆ. ಕೈ ಏಳಲಿಲ್ಲ. ಮಲಗಿಸಿದವ್ರ ಮುಖ ಯಾವಾಗ ಮುಚ್ತಾರ, ನಿನಗ ಗೊತ್ತಿಲ್ಲೇನು? ಇವನೂ ಯಾರದೋ ಮನಿ ಮೊಮ್ಮಗ."

ನಾನು ಅವರ ಕೈಯಿಂದ ಸೂಜಿ ಇಸಿದುಕೊಂಡು ದಾರ ಪೋಣಿಸಿ ಕೊಟ್ಟೆ.

ಗಡಿಯ ಯುದ್ಧ ನಿಂತಿತು. ಮೊಮ್ಮಗನ ಫೋನೂ ಬಂತು. ವೀರಪ್ಪ ಮತ್ತೆ ಆಡು ಕಾಯುವ ಕೆಲಸಕ್ಕೆ ಹೋದ. ಗಾದಿಯನ್ನು ಬಿಚ್ಚಿ, ಹತ್ತಿ ಹಿಂಜಿ, ಬಿಸಿಲು ಕಾಣಿಸಿ ಹೊಸದಾಗಿ ಹೊಲಿದರು.

ಈಗ ಮೊಮ್ಮಗ ಅದರ ಮೇಲೆಯೇ ಮಧ್ಯಾಹ್ನದ ನಿದ್ದೆಯಲ್ಲಿದ್ದಾನೆ. ನೊಣದ ಕಾಟಕ್ಕೆ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಾನೆ. ಅಜ್ಜ ಮೆಲ್ಲಗೆ ಕೆಳಗೆ ಸರಿಸುತ್ತಾರೆ.

"ನೊಣ, ಅಜ್ಜಾ."

"ಮುಖ ತೆಗೆದು ಮಲಗಪ್ಪಾ. ನಾ ಹೊಡೀತೀನಿ."

ಇವತ್ತು ಅಂಗಡಿಯ ಬಾಗಿಲನ್ನೇ ತೆರೆದಿಲ್ಲ. ಗಿರಾಕಿಗಳು ಕೂಗಿ ಕೂಗಿ ಹೋಗುತ್ತಿದ್ದಾರೆ. ಇವರು ಗಾದಿಯ ಪಕ್ಕದಲ್ಲಿ ಕೂತು ಟವೆಲ್ ಬೀಸುತ್ತಲೇ ಇದ್ದಾರೆ.